ಸೊರಬದಲ್ಲಿಟ್ಟ ಭಾರತ

ಗುರುಮಲ್ಲಪ್ಪನವರು ಭಾರತವನ್ನು ಅರೆದು ಕುಡಿದವರು ಎಂದು ಶಿಕಾರಿಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಯಾರೂ ಹೇಳದಿದ್ದರೆ ಅವರೇ ಹೇಳುತ್ತಾರೆ. ತಾಲ್ಲೂಕು ಕಚೇರಿಗೆ ಗುಮಾಸ್ತರಾಗಿ ಸೇರಿ, ಮೂವತ್ತಾರು ವರ್ಷ ಪರರ ಜಮೀನಿನ ಕಾಗದ ತಿರುವಿ, ಶಿರಸ್ತೇದಾರರಾಗಿ ನಿವೃತ್ತರಾದ ಮನುಷ್ಯ. ಬೀಳ್ಕೊಡುಗೆಯ ದಿನ ಕಚೇರಿಯವರು ಶಾಲು ಹೊದಿಸಿ, ಹಾರ ಹಾಕಿ, ಭಾರತದ ಹದಿನೆಂಟು ಸಂಪುಟಗಳನ್ನು ಕಾಣಿಕೆ ಕೊಟ್ಟರು. ಮೇಲೆ ಸಂಸ್ಕೃತದ ಮೂಲ, ಕೆಳಗೆ ಕನ್ನಡ ಅನುವಾದ. ಈ ಸಾಹೇಬರು ಇದನ್ನು ಓದುತ್ತಾ ಮನೆಯಲ್ಲಿ ಕೂತಿರಲಿ, ಮತ್ತೆ ಕಚೇರಿಗೆ ಬಂದು ಫೈಲು ಕೆದಕದಿರಲಿ ಎಂಬುದೇ ಅವರ ಸದುದ್ದೇಶವಾಗಿತ್ತು.

ಆಟೋ ತುಂಬ ಭಾರತ ಹೇರಿಕೊಂಡು ಸಾಹೇಬರು ಮನೆ ಮುಂದೆ ಇಳಿದರೆ, ಹೆಂಡತಿ ನಾಗವೇಣಿ ಪೊರಕೆ ಹಿಡಿದೇ ಬಾಗಿಲಿಗೆ ಅಡ್ಡ ನಿಂತಿದ್ದರು.

"ಏನ್ರೀ ಇದು? ಇಬ್ಬರು ಗಂಡುಮಕ್ಕಳಿರೋ ಮನಿಯೊಳಗೆ ಭಾರತ ತರ್ತೀರಾ? ನಾಳೆ ಅಣ್ಣ ತಮ್ಮ ಕುತ್ತಿಗೆ ಹಿಡ್ಕೊಂಡು ಬೀದಿಗೆ ಬಿದ್ದರೆ ನಿಮ್ಮ ಶಿರಸ್ತೇದಾರಿಕೆ ಬಂದು ಬಿಡಿಸ್ತೈತಾ?"

ಮನೆಯಲ್ಲಿ ಭಾರತ ಇಟ್ಟುಕೊಂಡರೆ ದಾಯಾದಿ ಜಗಳ ಹುಟ್ಟುತ್ತದೆ ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಗುರುಮಲ್ಲಪ್ಪನವರಿಗೆ ಗೊತ್ತಿರಲಿಲ್ಲವೇ? "ಮೂಢನಂಬಿಕೆ! ಯಾವ ಕಾಲದಲ್ಲಿದೀಯ ನೀನು?" ಎಂದು ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುವ ಹಾಗೆ ಗದರಿದರು. ಆಮೇಲೆ ಆಟೋದವನ ಕಿವಿಯ ಹತ್ತಿರ ಬಗ್ಗಿ, "ಬಸ್ ಸ್ಟ್ಯಾಂಡಿಗೆ ಹೊಡಿಯಪ್ಪಾ" ಎಂದರು.

ಬಸ್ಸು ಶಿರಾಳಕೊಪ್ಪ ದಾಟಿ ಸೊರಬ ಮುಟ್ಟುವುದರೊಳಗೆ ಅವರ ತಲೆಯಲ್ಲಿ ಹಂಚಿಕೆ ಪಕ್ಕಾ ಆಗಿತ್ತು. ಸೊರಬದಲ್ಲಿ ಅವರ ಒಬ್ಬಳೇ ತಂಗಿ ನೀಲಾಂಬಿಕಳ ಮನೆ. ಅವಳು ಅಂಗನವಾಡಿ ಟೀಚರು. ಗಂಡ ಮಲ್ಲಿಕಾರ್ಜುನ್ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ ಇಟ್ಟವರು. ಅವರಿಗೆ ಇರುವವಳು ಒಬ್ಬಳೇ ಮಗಳು, ಅವಳದೂ ಮದುವೆಯಾಗಿದೆ. ಆ ಮನೆಯಲ್ಲಿ ಕಚ್ಚಾಡಲು ಅಣ್ಣತಮ್ಮಂದಿರೇ ಇಲ್ಲ. ಭಾರತವೇನು, ಅದರಪ್ಪನನ್ನು ತಂದಿಟ್ಟರೂ ಏನೂ ಆಗುವ ಹಾಗಿಲ್ಲ. ತಮ್ಮ ಬುದ್ಧಿಗೆ ತಾವೇ ತಲೆದೂಗಿ, ಹದಿನೆಂಟೂ ಸಂಪುಟಗಳನ್ನು ತಂಗಿಯ ಗಾಜಿನ ಬೀರುವಿನಲ್ಲಿ ಜೋಡಿಸಿ, ಅವಳು ಮಾಡಿದ ಕಡುಬು ಹೊಡೆದು, ಸಾಹೇಬರು ಸಂಜೆ ಬಸ್ಸಿಗೆ ವಾಪಸು ಬಂದರು. ಆ ಮನೆಯಲ್ಲಿ ಅಣ್ಣತಮ್ಮಂದಿರು ಇಲ್ಲದಿದ್ದರೂ ಒಬ್ಬ ಅಣ್ಣನ ತಂಗಿ ಇದ್ದಾಳೆ ಎಂಬುದು ಮೂವತ್ತಾರು ವರ್ಷ ವಾರಸುದಾರಿಕೆಯ ಫೈಲು ನೋಡಿದ ಆ ಮಹಾತ್ಮನ ತಲೆಗೆ ಹೊಳೆಯಲಿಲ್ಲ ನೋಡಿ.

ಆರು ತಿಂಗಳಲ್ಲಿ ಗುರುಮಲ್ಲಪ್ಪನವರು ಗುರುಗಳಾದರು. ಕಲ್ಯಾಣ ಮಂಟಪವೊಂದರ ಊಟದ ಹಾಲಿನಲ್ಲಿ ಪ್ರತಿ ಭಾನುವಾರ ಹತ್ತು ಗಂಟೆಗೆ 'ಮಹಾಕಾವ್ಯ ಅಧ್ಯಯನ ವರ್ಗ'. ಮದುವೆ ಇದ್ದ ಭಾನುವಾರ ಧರ್ಮಕ್ಕೆ ರಜೆ. ಇಲ್ಲದ ಭಾನುವಾರ ಹಿಂದಿನ ದಿನದ ಸಾರಿನ ವಾಸನೆಯ ನಡುವೆ ನಲವತ್ತು ಐವತ್ತು ಜನ ಕೂತು ತಲೆದೂಗುತ್ತಿದ್ದರು. ನಿವೃತ್ತ ಮೇಷ್ಟ್ರುಗಳು, ರೈತರು, ಸಂಸ್ಕೃತಿ ಉಳಿಸಬೇಕು ಎಂದು ಹೊಸದಾಗಿ ಹೊಳೆದ ಅಂಗಡಿಯವರು. ಹೆಂಡತಿ ಮಾತ್ರ, "ಇಷ್ಟಲಿಂಗ ಪೂಜೆಗೆ ಹತ್ತು ನಿಮಿಷ ಕೂರೋಕೆ ಸೊಂಟ ನೋವು, ಅಲ್ಲಿ ಎರಡು ತಾಸು ನಿಂತು ಹೇಳೋಕೆ ಇಲ್ಲ" ಎಂದು ಗೊಣಗುತ್ತಿದ್ದರು.

ಪಾಠದ ವೈಖರಿಯನ್ನು ಒಂದು ಸಲ ಕೇಳಬೇಕು. ಐವರು ಅಣ್ಣತಮ್ಮಂದಿರಿಗೆ ಕಾಡು ಪಾಲಿಗೆ ಬಂತಲ್ಲ, ಆ ಭಾಗ ಬಂದರೆ ಗುರುಗಳು ಮೇಜು ಗುದ್ದುತ್ತಿದ್ದರು. "ಕಾಡು ಸುಟ್ಟು ಸಾಗುವಳಿ ಮಾಡಿದರು, ಅಂದರೆ ಏನ್ರೀ? ಬಗರ್ ಹುಕುಂ! ಸಕ್ರಮ ಮಾಡಿಸಿಕೊಳ್ಳದೆ ಅದರ ಮೇಲೆ ಅರಮನೆ ಎಬ್ಬಿಸಿದರು. ಅಲ್ಲೇ ಕೆಟ್ಟಿದ್ದು!" ಜೂಜಿನ ಭಾಗ ಬಂದರೆ ಇನ್ನೂ ಜೋರು. "ನೋಂದಣಿ ಇಲ್ಲ, ಸಾಕ್ಷಿ ಸಹಿ ಇಲ್ಲ, ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಕಬ್ಜಾ ಹೆಂಗೆ ಬಿಟ್ಟುಕೊಟ್ಟರು? ಆ ಕಾಲದಲ್ಲಿ ಒಬ್ಬ ನೆಟ್ಟಗಿನ ಶಿರಸ್ತೇದಾರ ಇದ್ದಿದ್ದರೆ ಯುದ್ಧವೇ ಆಗ್ತಿರಲಿಲ್ಲ." ಸಭೆ ಚಪ್ಪಾಳೆ ತಟ್ಟುತ್ತಿತ್ತು. ಋಷಿಮುನಿಗಳಿಗೆ ಹೊಳೆಯದ ಅರ್ಥ ಇದು ಎಂದು ಶಿಷ್ಯ ಚನ್ನೇಶ್ ವಾಟ್ಸಾಪ್ ಗುಂಪಿನಲ್ಲಿ ಬರೆಯುತ್ತಿದ್ದ. ಫೋಟೊ ಸ್ಟುಡಿಯೋದವನು ಅವನು. ಪ್ರತಿ ಪಾಠದ ವಿಡಿಯೊ ಮಾಡಿ ಹಾಕುವುದೂ ಅವನದೇ ಸೇವೆ. ಋಷಿಮುನಿಗಳಿಗೆ ಹೊಳೆಯಲಿಲ್ಲ ಎಂಬುದಂತೂ ಖರೆ.

ಇಷ್ಟೆಲ್ಲಾ ಹೇಳುವ ಗುರುಗಳು ಓದುತ್ತಿದ್ದುದು ಯಾವಾಗ? ಅಯ್ಯೋ, ಓದುವ ಪ್ರಾರಬ್ಧ ಅವರಿಗೇಕೆ? ಶನಿವಾರ ಸಂಜೆ ಆರಕ್ಕೆ ಸೊರಬಕ್ಕೆ ಫೋನು. "ನೀಲಾ, ನಾಳೆಗೆ ಅರಗಿನ ಮನೆ ಐತೆ. ತೆಗೆದು ಓದು." ಅವಳು ಓದುತ್ತಿದ್ದಳು, ಇವರು ಸೋಫಾದಲ್ಲಿ ಕಾಲು ಚಾಚಿ ಮಂಡಕ್ಕಿ ತಿನ್ನುತ್ತಾ ಕೇಳುತ್ತಿದ್ದರು. ಬೇಕಾದಷ್ಟು ಆದ ಮೇಲೆ "ಸಾಕು, ಇಡು" ಎನ್ನುತ್ತಿದ್ದರು. ನೀಲಾಂಬಿಕ ಫೋನು ಇಡುತ್ತಿದ್ದಳು, ಪುಸ್ತಕ ಇಡುತ್ತಿರಲಿಲ್ಲ. ಅಂಗನವಾಡಿಯ ಮಕ್ಕಳು ನಾಲ್ಕು ಗಂಟೆಗೆ ಮನೆಗೆ ಹೋದ ಮೇಲೆ ದಿನಾ ಎರಡು ತಾಸು, ಮೂರು ವರ್ಷ ಓದಿದಳು. ಹದಿನೆಂಟೂ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದಿದ್ದಳು. ಇದು ಅಣ್ಣನಿಗೆ ಗೊತ್ತಿರಲಿಲ್ಲ. ಅವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಖ್ಯಾತಿ ಹೆಚ್ಚಿದ ಮೇಲೆ ಊಟದ ಹಾಲಿನಲ್ಲಿ ಜಾಗ ಸಾಲದಾಯಿತು. ಒಂದು ಭವನ ಬೇಕು ಎಂದು ಶಿಷ್ಯರು ಎದ್ದರು. ಗುರುಗಳು ಕಣ್ಣು ಮುಚ್ಚಿ, ಎದೆ ಮೇಲೆ ಕೈಯಿಟ್ಟು, ತೊಗರ್ಸಿಯಲ್ಲಿರುವ ತಮ್ಮ ಪಿತ್ರಾರ್ಜಿತ ಎರಡು ಎಕರೆಯಲ್ಲಿ ರಸ್ತೆ ಬದಿಯ ಹತ್ತು ಗುಂಟೆ ದಾನ ಕೊಡುತ್ತೇನೆ ಎಂದು ಘೋಷಿಸಿದರು. ಹಾಲಿನ ಸೂರು ಹಾರಿಹೋಗುವಂಥ ಚಪ್ಪಾಳೆ. 'ಭೂದಾನಿ' ಎಂದು ಕೆತ್ತಿದ ಕಲ್ಲು ಹದಿನೈದೇ ದಿನದಲ್ಲಿ ತಯಾರಾಯಿತು, ಭೂಮಿಪೂಜೆಯ ಕಾರ್ಡೂ ಅಚ್ಚಾಯಿತು. ಉಳಿದ ಜಾಗ? ಭವನ ಬಂದರೆ ಡಾಂಬರು ಬರುತ್ತದೆ, ಡಾಂಬರು ಬಂದರೆ ಸೈಟು ಮಾಡಬಹುದು, ಇಬ್ಬರು ಗಂಡುಮಕ್ಕಳಿಗೂ ಸರಿಯಾಗಿ ಆಗುತ್ತದೆ. ಇದನ್ನು ಗುರುಗಳು ಘೋಷಿಸಲಿಲ್ಲ.

ಒಂದೇ ಒಂದು ತೊಡಕಿತ್ತು. ಆ ಎರಡು ಎಕರೆ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು. ತಾಲ್ಲೂಕಿನ ಖಾತೆಯನ್ನೆಲ್ಲ ಬದಲಾಯಿಸಿದವರು ಮನೆಯ ಖಾತೆಯನ್ನು ಹನ್ನೆರಡು ವರ್ಷ ಹಾಗೇ ಬಿಟ್ಟಿದ್ದರು. ಮರೆತಲ್ಲ ಬಿಡಿ. ಸತ್ತವರ ಖಾತೆ ವಾರಸುದಾರರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಕೊಟ್ಟರೆ ಮಕ್ಕಳೆಲ್ಲರ ಹೆಸರು ಕೂರಿಸುತ್ತಾರೆ, ಮಗನ ಪಕ್ಕದಲ್ಲಿ ಮಗಳದೂ ಬರುತ್ತದೆ. ಅದಕ್ಕೇ ಮೊದಲು ತಂಗಿಯ ಕೈಯಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಬೇಕು: ನನಗೆ ಈ ಆಸ್ತಿಯಲ್ಲಿ ಏನೂ ಬೇಡ, ಅರಿಶಿನ ಕುಂಕುಮ ಮುಟ್ಟಿದೆ ಎಂದು. ನಮ್ಮ ಕಡೆ ಅಕ್ಕತಂಗಿಯರು ಒಂದು ಸೀರೆಗೆ ಈ ಸಹಿ ಹಾಕಿಕೊಡುತ್ತಲೇ ಬಂದಿದ್ದಾರೆ. ಹಾಕದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ.

ಗುರುವಾರ ಸಂಜೆ ಕಾರು ಸೊರಬದ ಮನೆ ಮುಂದೆ ನಿಂತಿತು. ಗುರುಗಳ ಕೈಯಲ್ಲಿ ಇಳಕಲ್ ಸೀರೆ, ಕಂಕುಳಲ್ಲಿ ಪತ್ರ. ಸಾಕ್ಷಿ ಹಾಕಲು ಇಬ್ಬರು ಶಿಷ್ಯರು: ಚನ್ನೇಶ್, ಮತ್ತು ನಿವೃತ್ತ ಡ್ರಿಲ್ ಮಾಸ್ಟರು ವಸಂತ. ಸಹಿ ಹಾಕುವ ಗಳಿಗೆಯ ಫೋಟೊ ತೆಗೆದು 'ತ್ಯಾಗಮಯಿ ಸಹೋದರಿ' ಎಂದು ಗುಂಪಿಗೆ ಹಾಕುವುದಕ್ಕೆ ಚನ್ನೇಶ್ ದಾರಿಯಲ್ಲೇ ಎರಡು ಸಾಲು ಬರೆದಿಟ್ಟುಕೊಂಡಿದ್ದ.

ನೀಲಾಂಬಿಕ ಪತ್ರ ತೆಗೆದುಕೊಂಡು ಸಾವಕಾಶ ಓದಿದಳು. ಗುರುಮಲ್ಲಪ್ಪನವರಿಗೆ ಇರುಸುಮುರುಸಾಯಿತು. ಹೆಣ್ಣುಮಕ್ಕಳು ಇಂಥ ಪತ್ರ ಓದುವುದನ್ನು ಅವರು ಸರ್ವೀಸಿನಲ್ಲೇ ನೋಡಿರಲಿಲ್ಲ.

"ಅದರಲ್ಲಿ ಏನೈತಿ ಓದಾಕೆ? ಇಲ್ಲಿ, ಈ ಗೀಟಿನ ಮೇಲೆ ಹಾಕು" ಎಂದರು.

"ಹಾಕೋಣಂತೆ ಅಣ್ಣಾ, ಅವಸರ ಏನು? ನಿನ್ನ ಶಿಷ್ಯರೂ ಬಂದಾರೆ, ಕಾಫಿ ಕುಡೀರಿ." ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ನಿನ್ನ ಪಾಠ ಎಲ್ಲಾ ನೋಡ್ತೀನಿ, ಗುಂಪಿನಲ್ಲಿ ಬರ್ತದಲ್ಲ. ನನಗೊಂದು ಸಂಶಯ ಇತ್ತು."

ಗುರುಗಳ ಮುಖ ಅರಳಿತು. ಶಿಷ್ಯರ ಮುಂದೆ ಸಂಶಯ ಪರಿಹರಿಸುವುದೆಂದರೆ ಅವರಿಗೆ ಹೋಳಿಗೆ ಉಂಡಷ್ಟು ಖುಷಿ. "ಕೇಳು ಕೇಳು. ಸಂಕೋಚ ಬೇಡ."

"ಆ ವಂಶವೃಕ್ಷದ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಾಕಿದೀಯಲ್ಲ, ಬಾಗಿಲಷ್ಟು ದೊಡ್ಡದು. ಅದರಲ್ಲಿ ಆ ನೂರು ಜನ ಅಣ್ಣತಮ್ಮಂದಿರಿಗೆ ನೂರು ಡಬ್ಬಿ. ನಾನು ಎಣಿಸಿದೀನಿ, ಒಂದೂ ಕಮ್ಮಿ ಇಲ್ಲ. ಅವರ ಜೊತೆ ಹುಟ್ಟಿದ ತಂಗಿ ಒಬ್ಬಳಿದ್ದಳು, ಅಲ್ದಾ? ಅವಳ ಡಬ್ಬಿ ಯಾವುದು?"

"ತಂಗೀನಾ?" ಎಂದರು ಗುರುಗಳು.

"ಹೋಗಲಿ, ಹೆಸರು ಹೇಳು. ಹೆಸರು ಹೇಳಿಬಿಡು, ಈಗಲೇ ಸಹಿ ಹಾಕ್ತೀನಿ."

ಚನ್ನೇಶ್ ಮೆಲ್ಲಗೆ ಮೊಬೈಲಿಗೆ ಕೈ ಹಾಕಿದ. "ಫೋನ್ ಕೆಳಗಿಡಪ್ಪಾ, ನಿನ್ನ ಗುರುಗಳನ್ನ ಕೇಳಿದ್ದು" ಎಂದಳು ಅವಳು, ಅಂಗನವಾಡಿಯಲ್ಲಿ ಮಣ್ಣು ತಿನ್ನುವ ಮಗುವಿಗೆ ಹೇಳುವ ದನಿಯಲ್ಲಿ. ಅವನು ಇಟ್ಟ.

ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದರೆ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು. ಆದರೆ ಗುರುಮಲ್ಲಪ್ಪನವರು ಹುಟ್ಟಿದಾಗಿನಿಂದ ಆ ಮಾತು ಆಡಿದವರಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಶತಾನುಜಾದೇವಿ!" ಎಂದರು. ನೂರು ಜನರ ತಂಗಿಗೆ ಸಂಸ್ಕೃತದಲ್ಲಿ ಆ ಕ್ಷಣ ಅವರೇ ನಾಮಕರಣ ಮಾಡಿದ್ದರು.

"ಆಹಾ! ಎಂಥಾ ಹೆಸರು!" ಎಂದರು ವಸಂತ ಮಾಸ್ಟರು.

ನೀಲಾಂಬಿಕ ನಗಲಿಲ್ಲ. ಎದ್ದು ಹೋಗಿ ಬೀರುವಿನಿಂದ ಮೊದಲ ಸಂಪುಟ ತಂದು, ಬಸ್ ಟಿಕೇಟು ಗುರುತಿಟ್ಟ ಪುಟವನ್ನು ತೆರೆದು ಮೇಜಿನ ಮೇಲಿಟ್ಟಳು. "ನೀನೇ ನೋಡಿಕೋ ಅಣ್ಣಾ. ನೂರು ಹೆಸರು ಮುಗಿದ ಮುಂದಿನ ಸಾಲಿನಲ್ಲೇ ಇದಾಳೆ. ಅವತ್ತು ಫ್ಲೆಕ್ಸಿಗೆ ಅಂತ ಈ ಪಟ್ಟಿ ನಾನೇ ಫೋನಿನಲ್ಲಿ ಓದಿದ್ದು. ಅವಳ ಹೆಸರಿಗೆ ಬರೋ ಹೊತ್ತಿಗೆ ನೀನು, 'ನೂರಾಯ್ತು, ಸಾಕು, ಇಡು' ಅಂದೆ."

ಗುರುಗಳು ಪುಸ್ತಕದ ಕಡೆ ನೋಡಲಿಲ್ಲ. ಚನ್ನೇಶ್ ಬಗ್ಗಿ ಓದಿಕೊಂಡ, ವಸಂತ ಮಾಸ್ಟರೂ ಕನ್ನಡಕ ಹಾಕಿಕೊಂಡು ಓದಿದರು. ಶತಾನುಜಾ ಎಂಬುವಳು ಅಲ್ಲಿರಲಿಲ್ಲ.

"ಅವಳಿಗೆ ಏನು ಕೊಟ್ಟರು ಅಂತಾದ್ರೂ ಗೊತ್ತದೆಯಾ?" ಎಂದಳು.

"ಒಳ್ಳೇ ಕಡೆ ಮದುವೆ ಮಾಡಿಕೊಟ್ಟರಲ್ಲ!" ಗುರುಗಳ ದನಿ ಏರಿತು. "ರಾಜನಿಗೇ ಕೊಟ್ಟರು. ಮದುವೆ ಮಾಡಿಕೊಟ್ಟ ಮೇಲೆ ಮುಗೀತು. ಅದೇ ನಮ್ಮ ಸಂಸ್ಕೃತಿ."

"ಮುಗೀಲಿಲ್ಲ ಮಾರಾಯಾ. ಅವಳ ಗಂಡನನ್ನ ತಮ್ಮ ಪಾಲಿನ ಜಗಳಕ್ಕೆ ಎಳಕೊಂಡು ಬಂದು ಕೊಲ್ಲಿಸಿದ್ರು. ಆಮೇಲೆ ಮಗನೂ ಹೋದ. ಕೊನೆಗೆ ಮುದುಕಿ ಮೊಮ್ಮಗನನ್ನ ಎತ್ತಿಕೊಂಡು ಬಂದು, ಗಂಡನ್ನ ಕೊಂದ ದಾಯಾದಿ ಎದುರಿಗೇ ಕೈಮುಗಿದು ನಿಂತಳು, ಇದೊಂದು ಕುಡಿನಾದ್ರೂ ಬಿಡಿ ಅಂತ. ಹದಿನಾಲ್ಕನೇ ಸಂಪುಟ. ನೀನು ಆ ಸಂಪುಟ ಯಾವತ್ತೂ ಕೇಳಲೇ ಇಲ್ಲ. ನಿನಗೆ ಯುದ್ಧ ಬೇಕಿತ್ತು, ಜೂಜು ಬೇಕಿತ್ತು. ಅದನ್ನ ಓದಿದ ದಿನ ನಾನು ಅತ್ತಿದೀನಿ ಅಣ್ಣಾ, ಒಲೆ ಮೇಲಿದ್ದ ಹಾಲು ಉಕ್ಕಿಹೋಗಿದ್ದೂ ಗೊತ್ತಾಗಲಿಲ್ಲ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಪತ್ರವನ್ನು ಮಡಚಿ, ಸಹಿ ಹಾಕದೆ, ಅಣ್ಣನ ಮುಂದಿಟ್ಟಳು.

"ನಾನು ಯಾರ ಮುಂದೂ ಕೈಮುಗಿದು ನಿಲ್ಲೋಳಲ್ಲ. ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಟ್ಟಿದೀನಿ. ನಿನ್ನ ಹೆಸರು, ನನ್ನ ಹೆಸರು, ಎರಡೂ. ನಿನ್ನ ಕೈಕೆಳಗೆ ಇದ್ದವರೇ ಈಗ ಅಲ್ಲಿದಾರೆ. ಶಿರಸ್ತೇದಾರ್ ಸಾಹೇಬರ ತಂಗಿ ಅಂತ ಕುರ್ಚಿ ಹಾಕಿ ಕೂರಿಸಿ, ಅರ್ಜಿನೂ ಅವರೇ ಬರೆದುಕೊಟ್ಟರು. ಭವನ ಬೇಡ ಅನ್ನಲ್ಲ. ನಿನ್ನ ಎಕರೆಯಲ್ಲಿ ಕಟ್ಟು."

"ಒಂದು ಎಕರೆ ಜಮೀನಿಗೆ ಅಣ್ಣನ್ನ ಬಿಡ್ತೀಯಾ?" ಗುರುಮಲ್ಲಪ್ಪನವರು ಮೇಜು ಗುದ್ದಿದರು. ಸಿಟ್ಟೋ ನಾಚಿಕೆಯೋ, ಅವರಿಗೇ ತಿಳಿಯಲಿಲ್ಲ. "ನಿನಗೇನು ಕಮ್ಮಿ ಆಗೈತಿ?"

"ನನಗೆ ಜಮೀನಿನ ಹುಚ್ಚಿಲ್ಲ. ಅಪ್ಪನಿಗೆ ನಾನೂ ಮಗಳು ಅಂತ ಎಲ್ಲಾದರೂ ಒಂದು ಕಡೆ ಬರೆದಿರಬೇಕು. ಅಷ್ಟೇ ಆಸೆ."

ಗುರುಗಳು ಧಡಕ್ಕನೆ ಎದ್ದರು. "ಚನ್ನೇಶಾ! ನನ್ನ ಪುಸ್ತಕ ಅಷ್ಟೂ ಕಾರಿಗೆ ಹಾಕು. ಒಂದೂ ಬಿಡಬೇಡ!" ಶಿಷ್ಯ ಎರಡು ಸಂಪುಟ ಎತ್ತಿಕೊಂಡು ಹೊಸಿಲು ದಾಟಿದ್ದ. ಆಗ ಗುರುಗಳಿಗೆ ಬಾಗಿಲಲ್ಲಿ ಪೊರಕೆ ಹಿಡಿದು ನಿಂತ ನಾಗವೇಣಿ ನೆನಪಾದರು, ಮನೆಯ ಇಬ್ಬರು ಗಂಡುಮಕ್ಕಳೂ ನೆನಪಾದರು. "ಇರಲಿ, ಇಲ್ಲೇ ಇಡು" ಎಂದರು ಸಣ್ಣ ದನಿಯಲ್ಲಿ. ಸೀರೆಯನ್ನಾದರೂ ವಾಪಸು ಒಯ್ಯೋಣ ಎಂದು ಕೈ ಚಾಚಿದರೆ ನೀಲಾಂಬಿಕ ಅದನ್ನು ಆಗಲೇ ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಬಣ್ಣ ಚಲೋ ಅದೆ" ಎಂದಳು.

ಭೂಮಿಪೂಜೆಗೆ ಮುಹೂರ್ತ ಕೂಡಿಬರಲಿಲ್ಲ ಎಂದು ಗುಂಪಿಗೆ ಸಂದೇಶ ಹೋಯಿತು. ಶನಿವಾರ ಸಂಜೆ ಆರು ಗಂಟೆಗೆ ಗುರುಗಳು ಫೋನು ಕೈಗೆತ್ತಿಕೊಂಡು ಕೆಳಗಿಟ್ಟರು. ಎತ್ತಿಕೊಂಡರು, ಮತ್ತೆ ಇಟ್ಟರು. ಓದಿ ಹೇಳುವವರಿಲ್ಲದೆ ಭಾರತ ಮುಂದೆ ಹೋಗುವ ಹಾಗಿರಲಿಲ್ಲ. ಅದಕ್ಕೇ ಭಾನುವಾರ ವೇದಿಕೆ ಹತ್ತಿದವರೇ, "ಇವತ್ತಿನಿಂದ ರಾಮಾಯಣ" ಎಂದು ಘೋಷಿಸಿದರು. ಅದು ಚಿಕ್ಕಂದಿನಿಂದ ಕೇಳಿದ ಕಥೆ, ಪುಸ್ತಕದ ಹಂಗಿಲ್ಲ. ಹೇಳಿ ತಲೆ ಎತ್ತಿದರೆ ಮುಂದಿನ ಸಾಲಿನಲ್ಲಿ ಇಳಕಲ್ ಸೀರೆ ಉಟ್ಟುಕೊಂಡು ನೀಲಾಂಬಿಕ ಕೂತಿದ್ದಾಳೆ, ಬೆಳಗಿನ ಮೊದಲ ಬಸ್ಸಿಗೆ ಬಂದವಳು.

ಗುರುಗಳು ಅವಳ ಕಡೆ ನೋಡದೆ ಹೇಗೋ ಒಂದು ಗಂಟೆ ಎಳೆದರು. ಅಣ್ಣ ಕಾಡಿಗೆ ಹೊರಟ ಭಾಗ ಬಂದಾಗ ವಸಂತ ಮಾಸ್ಟರು ಕೈ ಎತ್ತಿದರು. ಪಾಪ, ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ.

"ಸರ್, ಇಲ್ಲಿ ಅಣ್ಣ ತಮ್ಮಂಗೆ ಕೊಡ್ತಾನೆ, ತಮ್ಮ ಅಣ್ಣಂಗೇ ಇರಲಿ ಅಂತಾನೆ. ರಾಜ್ಯಾನೇ ಒಬ್ಬರ ಮೇಲೊಬ್ಬರು ದಬ್ಬತಾರಲ್ಲ, ಇದಕ್ಕೆ ನಮ್ಮ ರೆವಿನ್ಯೂ ಕಾಯ್ದೆಯೊಳಗೆ ಏನಂತಾರೆ ಸರ್?"

ಹಾಲಿನ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಮುಂದಿನ ಸಾಲಿಗೂ ಬಂತು. ಸೊರಬದಲ್ಲಿ ನಡೆದದ್ದು ಚನ್ನೇಶನ ಬಾಯಿಂದ ಇಡೀ ಗುಂಪಿಗೆ ಗೊತ್ತಾಗಿತ್ತು. "ಸಮಯ ಆಯಿತು" ಎಂದು ಗುರುಗಳು ಪಾಠ ಮುಗಿಸಿಬಿಟ್ಟರು.

ಅಷ್ಟರಲ್ಲಿ ಹಾಜರಿ ಪುಸ್ತಕ ಎಲ್ಲರ ಕೈ ದಾಟಿ ಮೇಜಿಗೆ ಬಂದಿತ್ತು. ಕಚೇರಿ ಬಿಟ್ಟರೂ ಕಚೇರಿಯ ಚಾಳಿ ಬಿಟ್ಟಿರಲಿಲ್ಲ. ವಾರ ವಾರವೂ ಕೊನೆಯ ಸಾಲಿನ ಪಕ್ಕದಲ್ಲಿ ಗುರುಗಳೇ ಷರಾ ಬರೆದು ಸಹಿ ಹಾಕಬೇಕು. ಕನ್ನಡಕದೊಳಗಿಂದ ನೋಡಿದರು. ಕೊನೆಯ ಸಾಲು ದುಂಡಗಿನ ಅಕ್ಷರದಲ್ಲಿತ್ತು: ನೀಲಾಂಬಿಕ, ತಂದೆ ಲಿಂಗೈಕ್ಯ ಶಿವರುದ್ರಪ್ಪ, ತೊಗರ್ಸಿ. ಅದರ ಮುಂದೆ ಅವರು ಸೊರಬದ ತನಕ ಹೋಗಿ ಬೇಡಿದ ಆ ಸಹಿ.

ಹೊಡೆದುಹಾಕೋಣ ಎಂದೇ ಪೆನ್ನು ತೆಗೆದರು. ಹಾಲಿನಲ್ಲಿ ಒಬ್ಬರೂ ಎದ್ದಿರಲಿಲ್ಲ. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು, ತಂಗಿಯೂ ನೋಡುತ್ತಿದ್ದಳು. ಅಪ್ಪನ ಹೆಸರಿನ ಮೇಲೆ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಮೂವತ್ತಾರು ವರ್ಷದ ಅಭ್ಯಾಸ ಕೈಯನ್ನು ತಾನಾಗಿ ಪಕ್ಕಕ್ಕೆ ಎಳೆಯಿತು. 'ಪರಿಶೀಲಿಸಿದೆ, ಸರಿ ಇದೆ' ಎಂದು ಬರೆದು, ತಾರೀಖು ಹಾಕಿ, ಗುರುಮಲ್ಲಪ್ಪನವರು ಕೆಳಗೆ ಸಹಿ ಮಾಡಿದರು.